ಗುಡ್ಡದ ಮೇಲಿನ ಪ್ರೇತ

ಸುಲಿಯುವ ಹಾರೆಗೆ ಸವೇಂಗ ಕುಕ್ಕಿದ ಮೂರನೆಯ ತೆಂಗಿನಕಾಯಿಯೂ ಚಿಪ್ಪಿನ ಸಮೇತ ಸೀಳಿಹೋಗಿ, ಒಳಗಿನ ನೀರೆಲ್ಲ ಅವನ ಕರಿ ಪ್ಯಾಂಟಿನ ಮೇಲೆ ಚೆಲ್ಲಿತು.

"ನೀನು ಕಾಯಿ ಸುಲೀತಿದೀಯೋ, ಕಾಯಿ ಮೇಲೆ ಹಗೆ ತೀರಿಸ್ಕೊತಿದೀಯೋ?" ಎಂದ ಥೋಂಗ. ಅವನು ದೇಗುಲದ ಹಿಂದಿನ ನೆರಳಿನಲ್ಲಿ ಕೂತು ತನ್ನ ಕೋತಿಯ ಕೊರಳ ಹಗ್ಗ ಸರಿಮಾಡುತ್ತಿದ್ದ. ಬೆಳಿಗ್ಗೆ ಮರ ಹತ್ತಿ ಕಾಯಿ ಕಿತ್ತುಹಾಕಿದ್ದು ಆ ಕೋತಿಯೇ. "ನಾಲ್ಕೇ ಕೆಡವಿಸಿದ್ದು ನಾನು. ಇನ್ನೊಂದು ಉಳಿದಿದೆ ನೋಡು. ಅದನ್ನೂ ಒಡೆದು ಹಾಕಿದ್ರೆ ನಿಮ್ಮಣ್ಣನ ಮುಖಕ್ಕೆ ಸೋಡಾ ಹುಯ್ಯಬೇಕಾಗುತ್ತೆ."

ಪಕ್ಕದಲ್ಲಿ ಬಾಳೆದಿಂಡು ಹೆಚ್ಚುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಸಾವಿನ ಜಾಗದಲ್ಲಿ ನಗಬಾರದೆಂಬ ಕಟ್ಟುಪಾಡು ಈ ದ್ವೀಪದಲ್ಲಿ ಎಂದೂ ಇರಲಿಲ್ಲ. ಹಿಂದಿನ ರಾತ್ರಿಗಳಲ್ಲಿ ಭಿಕ್ಕುಗಳ ಪಠಣ ಮುಗಿಯುತ್ತಲೇ ಸವೇಂಗನ ಅಣ್ಣ ಪ್ರುಂಗನ ಶವಪೆಟ್ಟಿಗೆಯ ಎದುರೇ ಇಸ್ಪೀಟಿನ ಎಲೆ ಬಿಚ್ಚಿದ್ದರು. ಸತ್ತವನಿಗೆ ಬೇಜಾರಾಗಬಾರದಲ್ಲ.

ಸವೇಂಗ ಮಾತ್ರ ನಗಲಿಲ್ಲ. ಉಳಿದ ಕಾಯಿಯನ್ನು ಎತ್ತಿಕೊಂಡ, ಹಾರೆಯತ್ತ ನೋಡಿದ, ಮತ್ತೆ ಕೆಳಗಿಟ್ಟ. ಕೂತ, ಎದ್ದ, ಇನ್ನೊಂದು ಕಡೆ ಹೋಗಿ ಕೂತ. ಬೆಳಗಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತಿತ್ತು. ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಪೆಟ್ಟಿಗೆಯನ್ನು ಚಿತಾಗಾರಕ್ಕೆ ಎತ್ತುತ್ತಾರೆ, ಬೆಂಕಿಗೆ ಮುಂಚೆ ಮುಚ್ಚಳ ತೆಗೆಯುತ್ತಾರೆ. ಆಗ ಸತ್ತವನ ಮುಖಕ್ಕೆ ತೆಂಗಿನಕಾಯಿ ನೀರು ಹುಯ್ಯಬೇಕು. ಯಾರ ಕೈಯೂ ಮುಟ್ಟದ ನೀರು ಜಗತ್ತಿನಲ್ಲಿ ಅದೊಂದೇ. ಈ ಊರಿನಲ್ಲಿ ಅದನ್ನು ಹುಯ್ಯುವುದು ಒಡಹುಟ್ಟಿದವರು. ಹುಯ್ಯುವ ಮುಂಚೆ, ಸತ್ತವನ ಮೇಲೆ ಇಟ್ಟುಕೊಂಡ ಸಿಟ್ಟನ್ನೆಲ್ಲ ಬಿಟ್ಟೆ ಎಂದು ಹೇಳಬೇಕು. ಬಾಯಲ್ಲಿ ಹೇಳಿ ಮನಸ್ಸಿನಲ್ಲಿ ಬಿಡದಿದ್ದರೆ ಆ ನೀರು ಮರಳಾಗುತ್ತದೆ, ಸತ್ತವನು ಒಣಗಿದ ಬಾಯಲ್ಲೇ ಹೊರಡುತ್ತಾನೆ. ಪ್ರುಂಗನಿಗೆ ಇರುವವನು ಒಬ್ಬನೇ ತಮ್ಮ. ಆ ತಮ್ಮ ಅಣ್ಣನ ಜೊತೆ ಮಾತು ಬಿಟ್ಟು ಹನ್ನೆರಡು ವರ್ಷ.

ಅತ್ತಿಗೆ ಅಂಪಾ ಬಿಳಿ ಬಟ್ಟೆಯಲ್ಲಿ ಅಡಿಗೆಯ ಹೊಗೆ ದಾಟಿ ಬಂದಳು. ಸುಣ್ಣ ಹಚ್ಚಿದ ಎಲೆಯೊಂದು ಅವಳ ಕೈಯಲ್ಲಿತ್ತು, ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆತಿದ್ದಳು.

"ಒಂದು ತುತ್ತು ಉಣ್ಣಬಾರದಾ? ಬೆಳಗಿನಿಂದ ಕಾಫಿ ಮೇಲೇ ಇದೀಯಂತೆ."

"ಅತ್ತಿಗೆ, ಥೋಂಗನ ಕೈಲಿ ಹುಯ್ಯಿಸಿಬಿಡಿ. ನನ್ನ ಕೈಲಾಗಲ್ಲ."

"ಥೋಂಗ ನಿಮ್ಮಮ್ಮನ ಹೊಟ್ಟೇಲಿ ಹುಟ್ಟಿದನಾ?"

"ನಾನು ಬೇಕಾದ್ರೂ ಹುಯ್ತೀನಿ," ಎಂದ ಥೋಂಗ. "ನನ್ನ ಕೋತಿ ಬೇಕಾದ್ರೂ ಹುಯ್ಯುತ್ತೆ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ."

"ನೀನು ಬಾಯಿ ಮುಚ್ಚು," ಎಂದು ಅಂಪಾ ಗದರಿದಳು. ಆಮೇಲೆ ಮೈದುನನ ಕಡೆ ತಿರುಗಿದಳು. "ಯಾಕೆ ಆಗಲ್ಲ?"

"ನೀವೇ ಕೇಳ್ತೀರಾ ಅತ್ತಿಗೆ? ಅವನು ನನ್ನನ್ನ ಪ್ರೇತ ಮಾಡಿ ಗುಡ್ಡದ ಮೇಲೆ ನಿಲ್ಲಿಸಿದಾನೆ. ಎಲ್ಲೆಲ್ಲಿಂದಲೋ ಬಂದೋರು ಅದರ ಪಕ್ಕ ನಿಂತು ಫೋಟೋ ಹೊಡ್ಕೊಂಡು ಹೋಗ್ತಾರೆ."

"ನೀನು ನೋಡಿದೀಯಾ?"

"ಊರೆಲ್ಲ ನೋಡಿದೆ."

"ನೀನು ನೋಡಿದೀಯಾ ಅಂತ ಕೇಳ್ದೆ."

ಸವೇಂಗ ಪ್ಯಾಂಟಿನ ಮೇಲಿನ ನೀರು ಕೊಡವಿಕೊಂಡ.

*

ಸವೇಂಗನಿಗೆ ಆಗ ಆರೋ ಏಳೋ ವರ್ಷ. ಹತ್ತನೆಯ ತಿಂಗಳ ಹಬ್ಬ. ಆ ದಿನಗಳಲ್ಲಿ ಸತ್ತವರನ್ನು ಕೆಳಲೋಕದಿಂದ ಬಿಟ್ಟು ಕಳಿಸುತ್ತಾರೆ, ಅವರು ತಮ್ಮ ಮನೆಯವರನ್ನು ಹುಡುಕಿಕೊಂಡು ದೇಗುಲದ ಅಂಗಳಕ್ಕೆ ಬರುತ್ತಾರೆ. ಅಮ್ಮ ಇಬ್ಬರು ಗಂಡುಮಕ್ಕಳನ್ನೂ ಚಾಪೆಯ ಮೇಲೆ ಕೂರಿಸಿ, ಸಣ್ಣ ಹಿತ್ತಾಳೆ ಗಿಂಡಿಯಿಂದ ನೀರು ಬಿಡುವುದನ್ನು ಕಲಿಸಿದಳು. ಬಲಗೈಯಲ್ಲಿ ಗಿಂಡಿ, ಎಡಗೈ ಬಲ ಮಣಿಕಟ್ಟಿನ ಕೆಳಗೆ ಆಸರೆ. ಧಾರೆ ಕಡಿಯಬಾರದು.

"ಕಡಿದ್ರೆ ಏನಾಗುತ್ತಮ್ಮ?"

"ಕುಡೀತಿರೋರ ಬಾಯಿ ಅರ್ಧಕ್ಕೇ ಒಣಗುತ್ತೆ."

"ಯಾರು ಕುಡೀತಿರೋರು?"

"ಪ್ರೇತಗಳು. ತಾಯಿ ಮೇಲೆ ಕೈ ಮಾಡಿದೋರು ಪ್ರೇತ ಆಗ್ತಾರೆ. ಕೈ ತಾಳೆಗರಿಯಷ್ಟು ಅಗಲ ಆಗುತ್ತೆ, ಬಾಯಿ ಸೂಜಿಗಣ್ಣಿನಷ್ಟು ಸಣ್ಣ ಆಗುತ್ತೆ. ಸಮುದ್ರದ ಪಕ್ಕ ನಿಂತ್ರೂ ಬಾಯಾರಿಕೆ ಹೋಗಲ್ಲ. ಒಡಹುಟ್ಟಿದೋರು ನಿಧಾನವಾಗಿ ಹುಯ್ದ್ರೆ ಮಾತ್ರ ಒಳಗಿಳಿಯುತ್ತೆ."

ಸವೇಂಗ ಹೆದರಿ ಅಣ್ಣನನ್ನು ಒತ್ತಿಕೊಂಡು ಕೂತ. ಹೆದರಿಕೆ ಹೋದ ಮೇಲೆ, ಅದೇ ಅಂಗಳದಲ್ಲಿ, ಥೋಂಗನ ಅಪ್ಪನ ಕೋತಿಗೆ ಕೋಲಿನಿಂದ ತಿವಿಯಲು ಹೋದ. ಕೋತಿ ಹಗ್ಗ ಕಿತ್ತುಕೊಂಡು ಮೈಮೇಲೆ ಹಾರಿತು. ಅದೆಲ್ಲಿದ್ದನೋ ಪ್ರುಂಗ, ಓಡಿಬಂದು ತಮ್ಮನ ಮೇಲೆ ಬೋರಲು ಬಿದ್ದ. ಎಲ್ಲರೂ ಸೇರಿ ಕೋತಿಯನ್ನು ಬಿಡಿಸುವಷ್ಟರಲ್ಲಿ ಅವನ ಎಡಗಿವಿಯ ತುದಿ ಹೋಗಿತ್ತು.

ವಯಸ್ಸಿನಲ್ಲಿ ಅಂತರವಿದ್ದರೂ ಇಬ್ಬರದೂ ಒಂದೇ ಮೂಗು, ಒಂದೇ ಕೆನ್ನೆಮೂಳೆ, ಒಂದೇ ಮುಂದಲೆ. ಕಿವಿಗೆ ಅರಿಶಿನ ಮೆತ್ತಿಸಿಕೊಂಡು ಕೂತಿದ್ದ ಪ್ರುಂಗ ಅಳುತ್ತಿದ್ದ ತಮ್ಮನಿಗೆ ಹೇಳಿದ್ದ: "ಅಳಬೇಡ ಬಿಡೋ. ಇನ್ಮೇಲೆ ನಮ್ಮಿಬ್ಬರಲ್ಲಿ ಯಾರು ಯಾರು ಅಂತ ಜನಕ್ಕೆ ಸುಲಭವಾಗಿ ಗೊತ್ತಾಗುತ್ತೆ."

*

ಭಿಕ್ಕುಗಳ ಊಟ ಶುರುವಾಯಿತು. ಬಾಳೆದಿಂಡಿನ ಸಾರು, ಶಾವಿಗೆ, ಒಣಮೆಣಸಿನಲ್ಲಿ ಹುರಿದ ಮೀನು. ತಟ್ಟೆ ಹಿಡಿದು ಬಂದವರೆಲ್ಲ ಪ್ರುಂಗನ ಮಾತನ್ನೇ ಆಡುತ್ತಿದ್ದರು. ಡುರಿಯನ್ ಹಣ್ಣು ಬೆಳೆದುಕೊಂಡು ಸುಮ್ಮನಿರಬೇಕಾದ ಮನುಷ್ಯ, ವಯಸ್ಸು ಇಳಿಯುವ ಹೊತ್ತಿಗೆ ಸಿಮೆಂಟು ಮೂಟೆ ಹೊತ್ತು ಗುಡ್ಡ ಹತ್ತಿದ್ದ. ತೊರೆಯ ದಂಡೆಯ ಬಂಡೆಗಳ ನಡುವೆ ಒಂದು ಬುದ್ಧನನ್ನು ಮಾಡಿದ. ಬುದ್ಧನ ಪ್ರವಚನ ಕೇಳುವವರು ಬೇಡವೇ ಎಂದು ಊರಿನ ಜನರನ್ನೇ ಒಬ್ಬೊಬ್ಬರಾಗಿ ಮಾಡಿ ಕೂರಿಸಿದ. ಮೊದಲು ಜನ ಅವನಿಗೆ ತಲೆ ಕೆಟ್ಟಿದೆ ಎಂದರು. ಹೊರಗಿನವರು ಬೈಕು ಬಾಡಿಗೆಗೆ ತೆಗೆದುಕೊಂಡು ನೋಡಲು ಬರತೊಡಗಿದ ಮೇಲೆ, ನನ್ನ ಮೂಗು ಸರಿಯಾಗಿ ಬಂದಿಲ್ಲ ಎಂದು ಜಗಳ ತೆಗೆದರು.

"ನನ್ನನ್ನ ಮಾತ್ರ ನಿದ್ದೆ ಹೊಡೀತಿರೋ ಹಾಗೆ ಮಾಡಿದ," ಎಂದ ಥೋಂಗ. "ಕೇಳಿದ್ದಕ್ಕೆ, ಪ್ರವಚನದಲ್ಲಿ ನೀನು ಎಚ್ಚರ ಇದ್ದಿದ್ದು ಯಾವತ್ತು ಹೇಳು, ಎದ್ದು ಕೂರಿಸ್ತೀನಿ ಅಂದ."

ಸವೇಂಗನ ತಟ್ಟೆಯಲ್ಲಿ ಶಾವಿಗೆ ಹಾಗೇ ಇತ್ತು. ಈ ಥೋಂಗನೇ ಹನ್ನೆರಡು ವರ್ಷದ ಹಿಂದೆ ಕಾಫಿ ಅಂಗಡಿಗೆ ಸುದ್ದಿ ತಂದವನು.

*

ಅಮ್ಮ ಸತ್ತಾಗ ಸವೇಂಗ ಮೀನು ಹಿಡಿಯುವ ದೋಣಿಯಲ್ಲಿದ್ದ. ಹೊರಡುವ ಮುಂಚೆ ಅಮ್ಮ ಅವನ ಅಂಗಿ ಹಿಡಿದುಕೊಂಡು, "ಈ ಸಲ ಹೋಗಬೇಡ ಕಣೋ," ಎಂದಿದ್ದಳು. ಅವಳಿಗೆ ಆಗಲೇ ನೂರೆಂಟು ವಿಷಯ ಮರೆತುಹೋಗಿ ಒಂದೆರಡು ಮಾತ್ರ ನೆನಪಿದ್ದವು. ಪ್ರತಿ ಸಲವೂ ಹೀಗೇ ಅನ್ನುತ್ತಾಳೆಂದು ಅವನು ಬೆರಳು ಬಿಡಿಸಿ ಹೋಗಿಬಿಟ್ಟ. ಹಗ್ಗ ಸುತ್ತುವ ರಾಟೆಗೆ ಬಲಗೈ ಕಿರುಬೆರಳು ಸಿಕ್ಕಿ ಸೊಟ್ಟಗಾದದ್ದು ಆ ಸಲವೇ. ಬೆರಳಿಗೆ ಬಟ್ಟೆ ಸುತ್ತಿಕೊಂಡು ದಡಕ್ಕೆ ಬಂದರೆ ಅಮ್ಮನ ಬೂದಿ ಆರಿತ್ತು. ನೀರಿನ ಗುಡಾಣದ ಹತ್ತಿರ ಜಾರಿಬಿದ್ದಳು, ಆಮೇಲೆ ಏಳಲಿಲ್ಲ ಎಂದು ಪ್ರುಂಗ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ.

ಅದಾಗಿ ಕೆಲವು ತಿಂಗಳಿಗೆ ಥೋಂಗ ಕಾಫಿ ಅಂಗಡಿಗೆ ಬಂದವನೇ ಎಲ್ಲರ ಮುಂದೆ ಹೇಳಿದ: "ಲೋ ಸವೇಂಗ, ನಿಮ್ಮಣ್ಣ ನಿನ್ನನ್ನ ಭಾರಿ ಎತ್ತರಕ್ಕೆ ಏರಿಸಿಬಿಟ್ಟಿದಾನಲ್ಲೋ! ತೆಂಗಿನ ಮರದ ಅರ್ಧ ಇದೀಯ. ಆದ್ರೆ ಕೈ ಮಾತ್ರ ತಾಳೆಗರಿ."

ಅಂಗಡಿಯಲ್ಲಿ ಎಲ್ಲರೂ ನಕ್ಕರು. ತಾಯಿಯನ್ನು ಬಿಟ್ಟುಹೋದವನು, ತಾಯಿಯ ಬೆರಳು ಬಿಡಿಸಿಕೊಂಡವನು. ಯಾರೂ ಹಾಗೆ ಬಾಯಿಬಿಟ್ಟು ಹೇಳಲಿಲ್ಲ, ಸವೇಂಗನೇ ಒಳಗೊಳಗೆ ಹೇಳಿಕೊಂಡ. ಸೀದಾ ಅಣ್ಣನ ತೋಟಕ್ಕೆ ಹೋಗಿ ಬೇಲಿಯ ಆಚೆಯಿಂದಲೇ ಕೂಗಿ ಕೇಳಿದ: "ನನ್ನನ್ನ ಪ್ರೇತ ಮಾಡಿದೀಯಂತಲ್ಲ, ನಿಜಾನಾ?"

ಪ್ರುಂಗ ಸಿಮೆಂಟು ಕಲಸುತ್ತಿದ್ದ. ಕರಣೆ ಕೆಳಗಿಟ್ಟು ತಮ್ಮನನ್ನು ನೋಡಿದ.

"ಹತ್ತಿ ಬಂದು ನೋಡು," ಎಂದ.

ಅಷ್ಟೇ. ಅದನ್ನು ಸವೇಂಗ ಸವಾಲು ಎಂದುಕೊಂಡ. ಆ ಬೇಲಿಯನ್ನು ಆಮೇಲೆ ಅವನು ದಾಟಲಿಲ್ಲ.

*

"ಬೈಕಿನ ಕೀ ಕೊಡು," ಎಂದ ಸವೇಂಗ.

ಥೋಂಗ ಬಾಯಲ್ಲಿದ್ದ ಶಾವಿಗೆ ನುಂಗಿದ. "ಈಗೆಲ್ಲಿಗೋ? ಇನ್ನೇನು ಪ್ರವಚನ ಶುರುವಾಗುತ್ತೆ."

"ನೀನು ಹೇಗಿದ್ರೂ ನಿದ್ದೆ ಮಾಡ್ತೀಯ. ಕೊಡು."

ಗುಡ್ಡದ ರಸ್ತೆ ಕಡಿದು. ಡುರಿಯನ್ ತೋಟಗಳು ಮುಗಿದ ಮೇಲೆ ಕಾಂಕ್ರೀಟೂ ಮುಗಿಯುತ್ತದೆ. ಬೈಕು ಅಲ್ಲೇ ಬಿಟ್ಟು ಸವೇಂಗ ಬೇರುಗಳ ಮೇಲೆ ಕಾಲಿಟ್ಟು ಹತ್ತಿದ. ನೋಡಿಕೊಂಡು ಬಂದು ಅತ್ತಿಗೆಯ ಮುಖಕ್ಕೆ ಹೇಳಬೇಕು: ಹೌದು, ನೋಡಿದೆ, ಈಗ ಹುಯ್ಯಲ್ಲ.

ತೊರೆಯ ಸದ್ದು ಮೊದಲು ಬಂತು. ಆಮೇಲೆ ಎಲೆಗಳ ನಡುವೆ ಒಂದು ಸಿಮೆಂಟಿನ ಜಿಂಕೆ, ಡೋಲು ಹಿಡಿದ ಇಬ್ಬರು, ಕೈ ಚಾಚಿ ಕುಣಿಯುವ ಹೆಣ್ಣು. ಎಲ್ಲರ ಮೇಲೂ ಹಸಿರು ಪಾಚಿ ಹತ್ತಿತ್ತು. ಅವರನ್ನು ದಾಟಿದರೆ ಬುದ್ಧ, ಅವನ ಮುಂದೆ ಊರು. ಕಾಫಿ ಅಂಗಡಿಯ ಮುದುಕ, ಸೂಲಗಿತ್ತಿ, ಸತ್ತುಹೋದ ಮೇಷ್ಟ್ರು. ಥೋಂಗ ಗಲ್ಲ ಎದೆಗೆ ತಾಗಿಸಿ ಗೊರಕೆ ಹೊಡೆಯುತ್ತಿದ್ದ, ಅವನ ತೊಡೆಯ ಮೇಲೆ ಕೋತಿ ಮಾತ್ರ ಎಚ್ಚರವಾಗಿ ಕೈ ಮುಗಿದಿತ್ತು. ಸವೇಂಗನಿಗೆ ನಗು ಬಂತು. ಬಂದ ನಗುವಿನ ಮೇಲೆ ಅವನಿಗೇ ಸಿಟ್ಟು ಬಂತು. ಕ್ಯಾಮೆರಾ ಹಿಡಿದ ಒಬ್ಬ ಬಿಳಿಯ ಹುಡುಗಿ ಅವನ ಕರಿ ಬಟ್ಟೆ ನೋಡಿ ದಾರಿ ಬಿಟ್ಟು ಪಕ್ಕಕ್ಕೆ ನಿಂತಳು.

ದಾರಿ ತಿರುಗುವಲ್ಲಿ, ದೊಡ್ಡ ಬಂಡೆಗೆ ಒತ್ತಿದಂತೆ, ಅದು ನಿಂತಿತ್ತು.

ಥೋಂಗ ಸುಳ್ಳು ಹೇಳಿರಲಿಲ್ಲ. ಎಲುಬು ಎದ್ದ ಎದೆ, ಜೋತುಬಿದ್ದ ತಾಳೆಗರಿಯ ಕೈಗಳು, ತುಟಿಯಿದ್ದಲ್ಲಿ ಒಂದು ಸಣ್ಣ ತೂತು. ಮೂಗು, ಕೆನ್ನೆಮೂಳೆ, ಮುಂದಲೆ ಎಲ್ಲವೂ ಕನ್ನಡಿಯಲ್ಲಿ ದಿನಾ ಕಾಣುವಂಥದೇ. ಸವೇಂಗ ಹನ್ನೆರಡು ವರ್ಷ ನೋಡದೆ ಉಳಿಸಿಕೊಂಡಿದ್ದ ಅನುಮಾನವೂ ಈಗ ಹೋಯಿತು. ಬಗ್ಗಿ, ತೊರೆಯಂಚಿನಿಂದ ಎರಡು ಕೈಗೂ ತುಂಬುವಂಥ ಒಂದು ಕಲ್ಲೆತ್ತಿಕೊಂಡ. ದಾರಿಯಿಂದ ಎಸೆದರೆ ಮುಖಕ್ಕೆ ತಾಗುವುದಿಲ್ಲ. ಬಂಡೆಯ ಸಂದಿನಲ್ಲಿ ನುಸುಳಿ ಪ್ರೇತದ ಆ ಕಡೆಗೆ ಹೋದ.

ಕಲ್ಲನ್ನು ತಲೆಯ ಮೇಲೆ ಎತ್ತಿದವನು ಹಾಗೇ ನಿಂತ.

ಪ್ರೇತದ ಎಡಗಿವಿಗೆ ತುದಿ ಇರಲಿಲ್ಲ.

ಮುರಿದುಹೋದದ್ದಲ್ಲ. ಕರಣೆಯಿಂದ ನಯವಾಗಿ ಉಜ್ಜಿ, ಕೋತಿಯ ಹಲ್ಲಿನ ಗುರುತನ್ನೂ ಬಿಡದೆ ಮಾಡಿದ್ದು. ದಾರಿಯಲ್ಲಿ ಹೋಗುವವರಿಗೆ ಈ ಮಗ್ಗುಲು ಕಾಣುವುದಿಲ್ಲ. ಊರೆಲ್ಲ ನೋಡಿದ್ದು ಬಲಗಡೆಯಿಂದ. ಕಲ್ಲು ಅವನ ಕೈಯಿಂದ ಜಾರಿ ಕಾಲ ಪಕ್ಕ ಬಿತ್ತು.

ಆಗ ಅವನಿಗೆ ಇನ್ನೊಬ್ಬ ಕಂಡ. ಪ್ರೇತದ ಎದುರು, ಬಂಡೆಯ ಮೆಟ್ಟಿಲ ಮೇಲೆ, ದಾರಿಗೆ ಬೆನ್ನು ಮಾಡಿ ನಿಂತ ಒಬ್ಬ ಮನುಷ್ಯ. ತಲೆಗೆ ದೋಣಿಯವರ ಚೌಕುಳಿ ವಸ್ತ್ರ ಸುತ್ತಿದ್ದಾನೆ. ಬಲಗೈಯಲ್ಲಿ ಗಿಂಡಿ, ಎಡಗೈ ಮಣಿಕಟ್ಟಿನ ಕೆಳಗೆ. ಗಿಂಡಿ ಹಿಡಿದ ಕೈಯ ಕಿರುಬೆರಳು ಸೊಟ್ಟಗಿದೆ.

ಸವೇಂಗ ತನ್ನ ಕಿರುಬೆರಳು ನೋಡಿಕೊಂಡ, ಮೆಟ್ಟಿಲು ಹತ್ತಿ ಸಿಮೆಂಟಿನದನ್ನು ಮುಟ್ಟಿದ. ಗಿಂಡಿ ನಿಜವಾಗಿಯೂ ಟೊಳ್ಳು, ಅದರ ಮೂತಿ ಪ್ರೇತದ ಬಾಯಿಗೆ ಸರಿಯಾಗಿ ಹಿಡಿದಿತ್ತು. ಮಗ್ಗುಲಲ್ಲೇ ತೊರೆ ಹರಿಯುತ್ತಿದೆ, ಕೈ ಚಾಚಿದರೆ ನೀರು. ಆದರೂ ಗಿಂಡಿಯೊಳಗೆ ಒಣ ಎಲೆ, ಜೇಡರ ಬಲೆ. ಮೈಯೆಲ್ಲ ಪಾಚಿಗಟ್ಟಿದ್ದರೂ ಪ್ರೇತದ ಗಲ್ಲದ ಮೇಲೆ ನೀರು ಇಳಿದ ಒಂದು ಗೆರೆಯೂ ಇರಲಿಲ್ಲ. ಮಾಡಿದವನು ಒಂದು ದಿನವೂ ತಾನೇ ತುಂಬಿರಲಿಲ್ಲ.

ಅವನು ಎಲೆ, ಬಲೆ ಎಲ್ಲ ತೆಗೆದು ಗಿಂಡಿಯನ್ನು ಬೆರಳಲ್ಲಿ ಒರೆಸಿದ. ಕೆಳಗಿನಿಂದ ದೇಗುಲದ ಡೋಲು ಕೇಳಿಸಿತು. ಪೆಟ್ಟಿಗೆ ಎತ್ತುತ್ತಿದ್ದರು.

*

ಭಿಕ್ಕು ಹಿಡಿದ ಬಿಳಿ ದಾರದ ಹಿಂದೆ ಪೆಟ್ಟಿಗೆ ಚಿತಾಗಾರವನ್ನು ಎಡಕ್ಕೆ ಸುತ್ತುತ್ತಿತ್ತು. ಸವೇಂಗ ಏದುತ್ತಾ ಬಂದು ಅತ್ತಿಗೆಯ ಪಕ್ಕ ಸೇರಿಕೊಂಡ. ಅವನ ಅಂಗಿಯ ಮೇಲೆ ಪಾಚಿ ಮೆತ್ತಿತ್ತು. ಅದನ್ನು ನೋಡಿ ಅಂಪಾಳ ಮುಖ ಸಡಿಲವಾಯಿತು.

"ಆ ಕಡೆ ಹೋಗಿ ನೋಡಿದೆಯಾ?"

"ನೋಡಿದೆ. ಅವನು ಯಾಕೆ ಅತ್ತಿಗೆ? ಅಮ್ಮನನ್ನ ಕೊನೆವರೆಗೂ ನೋಡಿಕೊಂಡವನು ಅವನು. ಪ್ರೇತ ಆಗೋ ಅಂಥದ್ದು ಏನು ಮಾಡಿದ?"

ಅಂಪಾ ನಡೆಯುತ್ತಲೇ ಹೇಳಿದಳು, ಪೆಟ್ಟಿಗೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಅತ್ತೆ ಜಾರಿ ಬಿದ್ದಿದ್ದಲ್ಲ. ಸವೇಂಗ ಬಂದನಾ, ಸವೇಂಗ ಬಂದನಾ, ಹಗಲೂ ರಾತ್ರಿ ಅದೊಂದೇ. ಇವರಿಗೆ ನಿದ್ದೆ ಇಲ್ಲ, ಉಚ್ಚೆ ಬಟ್ಟೆ ಒಗೆದು ಒಗೆದು ಸಾಕಾಗಿತ್ತು. ಆವತ್ತು ಅತ್ತೆ ಇವರ ಕೈ ಹಿಡ್ಕೊಂಡು ಮತ್ತೆ ಕೇಳಿದ್ರು. ಇವರು, ಅವನೊಬ್ಬನೇ ಏನು ನಿನ್ನ ಮಗ ಅಂತ ಕೂಗಿ ಕೈ ಕೊಡವಿದ್ರು. ಅವರು ಹೋಗಿ ಗುಡಾಣಕ್ಕೆ ಬಡಿದು ಬಿದ್ರು."

ಮೆರವಣಿಗೆ ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ತಿರುಗಿತು.

"ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ಹೇಳಬೇಡ, ಅವನೇ ಬಂದು ನೋಡಲಿ, ನೋಡಿ ಬೈಯಲಿ, ಆಮೇಲೆ ಹುಯ್ದ್ರೆ ಹುಯ್ಯಲಿ ಅಂತ. ಪ್ರತಿ ವರ್ಷ ಹತ್ತನೇ ತಿಂಗಳು ಅಲ್ಲಿ ಮೇಲೆ ಹೋಗಿ ಸಂಜೆವರೆಗೂ ಕೂತಿರ್ತಿದ್ರು. ಎದೆನೋವು ಬಂದು ಮಲಗಿದಾಗಲೂ ಅದೇ. ಸವೇಂಗ ಹತ್ತಿ ಬಂದನಾ ಅಂತ."

ಸವೇಂಗ ಸುಳ್ಳು ಸಿಟ್ಟೊಂದನ್ನು ಗುಡ್ಡದ ಮೇಲೆ ಬಿಟ್ಟು ಬಂದಿದ್ದ, ಈಗ ನಿಜವಾದದ್ದೊಂದು ಕೈಗೆ ಬಂದಿತ್ತು. ಅಮ್ಮನ ತಲೆ ಗುಡಾಣಕ್ಕೆ ಬಡಿದ ಸದ್ದು ಅವನ ಕಿವಿಯೊಳಗೇ ಆಯಿತು. ಅಣ್ಣನ ಮೇಲೆ ಎಂಥ ಕೋಪ ಬಂತೆಂದರೆ ಪೆಟ್ಟಿಗೆ ನಿಲ್ಲಿಸಿ ಅವನನ್ನು ಎಬ್ಬಿಸಿ ಕೇಳಬೇಕೆನಿಸಿತು. ಮರುಗಳಿಗೆಯೇ ತನ್ನ ಅಂಗಿ ಹಿಡಿದ ಮುದಿ ಬೆರಳುಗಳು ನೆನಪಾದವು, ಒಂದೊಂದಾಗಿ ಅವನ್ನು ಬಿಡಿಸಿದ ತನ್ನ ಕೈಯೂ ನೆನಪಾಯಿತು. ಆ ಕೈಗೆ ಅಣ್ಣ ಗಿಂಡಿ ಕೊಟ್ಟಿದ್ದ. ಕೊನೆಯ ಸುತ್ತು ಮುಗಿಯುವವರೆಗೂ ಅವನು ಅಳುತ್ತಲೇ ನಡೆದ, ಕಣ್ಣು ಒರೆಸಿಕೊಳ್ಳಲೂ ಹೋಗಲಿಲ್ಲ.

"ಆ ಕಾಯಿ ಎಲ್ಲಿ?" ಎಂದು ಥೋಂಗನನ್ನು ಕೇಳಿದ.

ಥೋಂಗ ಸಿಪ್ಪೆ ಸಹಿತ ಕಾಯಿಯನ್ನು ಕಂಕುಳಲ್ಲಿಟ್ಟುಕೊಂಡು ತಿರುಗುತ್ತಿದ್ದ. "ನಾನೇ ಸುಲಿದು ಕೊಡ್ಲಾ?"

"ಬೇಡ."

ಹಾರೆಯ ಮೇಲೆ ಮೂರೇ ತಿರುವಿಗೆ ಸಿಪ್ಪೆ ಬಿಟ್ಟಿತು. ಚಿಪ್ಪಿಗೆ ಒಂದು ಗೀರೂ ಬೀಳಲಿಲ್ಲ. ಜನ ಚಿತೆಗೆ ಹಾಕುವ ಗಂಧದ ಚಕ್ಕೆಯ ಹೂವು ಹಿಡಿದು ಸಾಲುಗಟ್ಟಿದ್ದರು. ಚಿತೆಯ ಆಳು ಪೆಟ್ಟಿಗೆಯ ಮುಚ್ಚಳ ಸರಿಸಿ, ಕಾಯಿ ಒಡೆಯುವ ಕತ್ತಿ ಮುಂದೆ ಹಿಡಿದ. ಎಲ್ಲರೂ ಒಡೆದು ಒಮ್ಮೆಗೇ ಸುರಿಯುತ್ತಾರೆ. ಸವೇಂಗ ಕತ್ತಿ ತೆಗೆದುಕೊಂಡು, ಅದರ ಮೊನೆಯಿಂದ ಕಾಯಿಯ ಎರಡು ಕಣ್ಣುಗಳನ್ನು ಚುಚ್ಚಿದ.

ಪ್ರುಂಗನ ಮುಖ ಸಣ್ಣದಾಗಿತ್ತು. ತುಟಿ ಒಣಗಿ ಬಿರಿದಿತ್ತು.

"ಅಣ್ಣಾ, ಹತ್ತಿ ಬಂದೆ," ಎಂದ ಸವೇಂಗ. "ನೋಡಿದೆ. ನಾನು ಬಿಟ್ಟೆ, ನೀನೂ ಬಿಡು."

ಎಡಗೈಯನ್ನು ಬಲ ಮಣಿಕಟ್ಟಿನ ಕೆಳಗಿಟ್ಟು ಕಾಯಿ ಬಗ್ಗಿಸಿದ. ನೂಲಿನಷ್ಟು ಸಣ್ಣ ಧಾರೆ ತುಟಿಯ ಮೇಲೆ ಇಳಿಯಿತು, ತುಟಿಯಿಂದ ಕೆನ್ನೆಗೆ, ಕೆನ್ನೆಯಿಂದ ತುದಿಯಿಲ್ಲದ ಕಿವಿಗೆ. ಸಾಲು ಮುಂದೆ ಸರಿಯಲಿಲ್ಲ. ಯಾರೋ ಕೆಮ್ಮಿದರು, ಯಾರದೋ ಬೀಸಣಿಗೆ ನಿಂತಿತು.

"ಒಡೆದು ಹುಯ್ದುಬಿಡಪ್ಪ," ಎಂದ ಚಿತೆಯ ಆಳು. "ಹಿಂದೆ ಜನ ನಿಂತಿದಾರೆ, ಹೊತ್ತಾಗುತ್ತೆ."

"ಬಾಯಿ ಸಣ್ಣದು ಅವನದು," ಎಂದ ಸವೇಂಗ. "ನಿಧಾನ ಹುಯ್ಯಬೇಕು."

ಬೆಳಗಿನಿಂದ ನಿಂತಲ್ಲಿ ನಿಲ್ಲದವನು ಅಲುಗದೆ ನಿಂತಿದ್ದ. ಸೊಟ್ಟ ಕಿರುಬೆರಳು ಚಿಪ್ಪಿನಿಂದ ಹೊರಗೆ ಚಾಚಿತ್ತು, ಧಾರೆ ಕಡಿದಿರಲಿಲ್ಲ.